ಏಳು ಹಾಲಿಗೆ ಆರು ಕಲ್ದಾರ



ಡಾಲರಿನ ದರ ಇಷ್ಟು ಏರಿತು, ರೂಪಾಯಿ ಇಷ್ಟು ಇಳಿಯಿತು ಎಂದು ಸುದ್ದಿಯಲ್ಲಿ ದಿನಾಲೂ ಕೇಳುತ್ತೇವೆ. ಅದು ಮುಂಬಯಿ ದಿಲ್ಲಿಯ ದೊಡ್ಡ ಮಂದಿಯ ಮಾತು, ನಮ್ಮ ಜೋಳ ಕಡಲೆಗೆ ಅದರ ಗೊಡವೆ ಯಾಕೆ ಎಂದು ಎದ್ದು ಹೋಗುವವರೇ ಹೆಚ್ಚು. ಆದರೆ ವಳಸಂಗ, ತಿಲಾಟಿ, ಅಕ್ಕಲಕೋಟೆ, ದುಧನಿ ಕಡೆಯ ನಮ್ಮ ಮುತ್ಯಾಂದಿರು ಹೀಗೆ ಎದ್ದು ಹೋಗುವಂತಿರಲಿಲ್ಲ. ಅವರಿಗೆ ಪರನಾಡಿನ ನಾಣ್ಯ ಎಂಬುದು ಸಮುದ್ರದ ಆಚೆ ಇರಲಿಲ್ಲ. ಗಾಡಿ ಕಟ್ಟಿಕೊಂಡು ಹೊರಟರೆ ಒಂದೂವರೆ ದಿನದ ಹಾದಿಯಲ್ಲಿತ್ತು. ಸೊಲ್ಲಾಪುರದ ಪೇಟೆಯಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷ್ ಸರಕಾರದ ರೂಪಾಯಿ. ಆಳಂದ, ನಳದುರ್ಗ, ಗುಲಬರ್ಗಾ ಕಡೆ, ಅಂದರೆ ನಮ್ಮ ಮಂದಿ 'ಮೊಗಲಾಯಿ' ಎಂದು ಕರೆಯುತ್ತಿದ್ದ ನಿಜಾಮರ ಸೀಮೆಯಲ್ಲಿ, ನಡೆಯುತ್ತಿದ್ದದ್ದು ಹೈದರಾಬಾದಿನ ರೂಪಾಯಿ. ಎರಡಕ್ಕೂ ಹೆಸರು ರೂಪಾಯಿಯೇ. ಎರಡಕ್ಕೂ ಹದಿನಾರು ಆಣೆ. ಆದರೆ ಬೆಲೆ ಮಾತ್ರ ಬೇರೆ.

ಈ ಎರಡು ರೂಪಾಯಿಗಳ ನಡುವಿನ ದರದ ಕಥೆ ಇವತ್ತಿನ ಮಾತಿನ ವಿಷಯ. ಸೋದರಮಾವನ ಮನೆ ಒಂದು ನಾಣ್ಯದಲ್ಲಿ, ತಂದೆಯ ಮನೆ ಇನ್ನೊಂದು ನಾಣ್ಯದಲ್ಲಿ ಇದ್ದ ಕುಟುಂಬಗಳು ನಮ್ಮಲ್ಲಿ ಎಷ್ಟೋ. ಮದುವೆಯ ಮಾತುಕತೆಯಲ್ಲಿ 'ನೂರು ರೂಪಾಯಿ' ಎಂದರೆ ಸಾಲುತ್ತಿರಲಿಲ್ಲ, ಯಾವ ನೂರು ಎಂದು ಕೇಳಬೇಕಾಗುತ್ತಿತ್ತು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷ್ ರೂಪಾಯಿಗೆ ನಮ್ಮ ಕಡೆ 'ಕಲ್ದಾರ' ಎಂದು ಹೆಸರು. 'ಕಲ್' ಎಂದರೆ ಯಂತ್ರ. ಯಂತ್ರದಲ್ಲಿ ಹೊಡೆದ, ಅಂಚಿಗೆ ಗೆರೆಗೆರೆ ಇದ್ದ ನಾಣ್ಯ ಕಲ್ದಾರ. ಸರಕಾರಿ ಕಾಗದಗಳಲ್ಲಿ ಇದಕ್ಕೆ ಬಿ.ಜಿ. ರೂಪಾಯಿ ಎಂದು ಬರೆಯುತ್ತಿದ್ದರು, ಬ್ರಿಟಿಷ್ ಗವರ್ನಮೆಂಟ್ ಎಂಬುದರ ಮೊದಲ ಅಕ್ಷರಗಳು. ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ'. ಸಿಕ್ಕಾ ಎಂದರೆ ಮುದ್ರೆ. ಹಾಲಿ ಎಂದರೆ ಈಗ ನಡೆಯುತ್ತಿರುವುದು. 'ಹಾಲಿ ಶಾಸಕರು' ಎಂದು ಇವತ್ತಿಗೂ ನಾವು ಹೇಳುತ್ತೇವಲ್ಲ, ಅದೇ ಹಾಲಿ. ಶಾಸಕರು ಹಾಲಿಯಿಂದ ಮಾಜಿ ಆಗುವ ಹಾಗೆ ಆ ನಾಣ್ಯವೂ ಒಂದು ದಿನ ಮಾಜಿ ಆಯಿತು. ಅದಕ್ಕೆ ಆಮೇಲೆ ಬರೋಣ.

ಕಲ್ದಾರ ಬರುವ ಮುಂಚೆ ಈ ಸೀಮೆಯಲ್ಲಿ ಒಂದೆರಡಲ್ಲ, ಹತ್ತಾರು ರೂಪಾಯಿ ಓಡಾಡುತ್ತಿದ್ದವು. ಪುಣೆಯ ಅಂಕುಶಿ, ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ಪೇಶ್ವೆಯರ ಕಾಲದವು. ಹೈದರಾಬಾದಿನ ಒಳಗೇ ನಾರಾಯಣಪೇಟೆ, ಗದ್ವಾಲ, ಸುರಪುರ, ನಮ್ಮ ಹತ್ತಿರದ ಕಲ್ಯಾಣ ಇವೆಲ್ಲ ತಮ್ಮ ತಮ್ಮ ನಾಣ್ಯ ಹೊಡೆಯುತ್ತಿದ್ದವು. ಒಂದರಲ್ಲಿ ಬೆಳ್ಳಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ; ಸವೆದದ್ದಕ್ಕೆ ಒಂದು ಬೆಲೆ, ಹೊಸದಕ್ಕೆ ಒಂದು ಬೆಲೆ. ಆದ್ದರಿಂದ ಸರಾಫನಿಲ್ಲದೆ ಸಂತೆ ನಡೆಯುತ್ತಿರಲಿಲ್ಲ. ಅವನು ನಾಣ್ಯವನ್ನು ಕಲ್ಲಿಗೆ ಬಡಿದು ಸಪ್ಪಳ ಕೇಳಿ, ತಕ್ಕಡಿಯಲ್ಲಿ ತೂಗಿ, ತನ್ನ ಬಟ್ಟಾ ಮುರಿದುಕೊಂಡು ಬದಲಿ ಕೊಡುತ್ತಿದ್ದ. ಬಟ್ಟಾ ಎಂದರೆ ನಾಣ್ಯ ಬದಲಿಸುವಾಗ ಕಡಿತವಾಗುವ ಪಾಲು.

1818ರ ಮೇ ತಿಂಗಳಲ್ಲಿ ಸೊಲ್ಲಾಪುರದ ಕೋಟೆ ಕಂಪನಿಯ ಕೈಗೆ ಬಿತ್ತು. 1835ರಲ್ಲಿ ಕಂಪನಿ ಸರಕಾರ ತನ್ನ ಆಳ್ವಿಕೆಯ ಎಲ್ಲ ಪ್ರಾಂತಗಳಿಗೂ ಒಂದೇ ರೂಪಾಯಿ ಎಂದು ಕಾಯಿದೆ ಮಾಡಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲೆ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಅಕ್ಕಸಾಲಿಗರು ಬಹಳ ಕಾಲ ಇದನ್ನು ತೂಕದ ಕಲ್ಲಾಗಿಯೂ ಬಳಸಿದರು. ಅಕ್ಕಲಕೋಟೆ ಭೋಸಲೆ ಮನೆತನದ ಬೇರೆ ಸಂಸ್ಥಾನವಾಗಿದ್ದರೂ ಅಲ್ಲಿಯ ಪೇಟೆಯಲ್ಲಿ ಕಲ್ದಾರವೇ ನಡೆಯಿತು. ಹೀಗೆ ನಾಣ್ಯದ ಗಡಿ ವಳಸಂಗ, ಅಕ್ಕಲಕೋಟೆ ದಾಟಿ ಪೂರ್ವಕ್ಕೆ ಸರಿಯಿತು.

ಗಡಿಯ ಆಚೆ ಇದೇ ಕೆಲಸ ಮಾಡಿದವರು ಸಾಲಾರ್ ಜಂಗ್. ಅವರು 1853ರಲ್ಲಿ ಹೈದರಾಬಾದಿನ ದಿವಾನರಾದಾಗ ಬೊಕ್ಕಸ ಬರಿದಾಗಿತ್ತು. ಕಂಪನಿಯ ಸೈನ್ಯದ ಬಾಕಿಗಾಗಿ ವರ್ಹಾಡ, ರಾಯಚೂರು ದೋಆಬ, ನಮ್ಮ ಪಕ್ಕದ ನಳದುರ್ಗ ಸೀಮೆ ಇವನ್ನೆಲ್ಲ ಆ ವರ್ಷವೇ ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಗಿ ಬಂದಿತ್ತು. ನಳದುರ್ಗಕ್ಕೆ ಅಧಿಕಾರಿಯಾಗಿ ಬಂದವನು ಸುರಪುರದಲ್ಲಿ ಹೆಸರಾಗಿದ್ದ ಮೆಡೋಸ್ ಟೇಲರ್. 1860ರಲ್ಲಿ ನಳದುರ್ಗ, ರಾಯಚೂರು ಮತ್ತೆ ನಿಜಾಮರಿಗೆ ಹೋದವು. ನಾಣ್ಯದ ಲೆಕ್ಕದಲ್ಲಿ ಗಡಿ ಹೇಗೆ ಹಿಂದೆ ಮುಂದೆ ಓಡಾಡುತ್ತಿತ್ತು ನೋಡಿ. ಸಾಲಾರ್ ಜಂಗ್ ಖಾಸಗಿ ಟಂಕಸಾಲೆಗಳನ್ನು ಒಂದೊಂದಾಗಿ ಮುಚ್ಚಿಸಿ ಹೈದರಾಬಾದಿನದೇ ಒಂದು ನಾಣ್ಯಕ್ಕೆ ಬಲ ಕೊಟ್ಟರು. 1857ರ ದಂಗೆಯ ವರೆಗೆ ಆ ನಾಣ್ಯದ ಮೇಲೆ ದಿಲ್ಲಿಯ ಮೊಗಲ ಬಾದಶಹನ ಹೆಸರಿತ್ತು. ಬಾದಶಹನೇ ಹೋದ ಮೇಲೆ ಆಸಫ್ ಜಾಹ್ ಎಂಬ ಮನೆತನದ ಹೆಸರು ಬಂತು. ಇದೇ ಹಾಲಿ ಸಿಕ್ಕಾ.

ಇನ್ನು ದರದ ಮಾತು. ಹಳೆಯ ಸರಕಾರಿ ಲೆಕ್ಕಗಳಲ್ಲಿ ಒಂದು ವಿಚಿತ್ರ ಸಂಖ್ಯೆ ಕಾಣುತ್ತದೆ: ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಯಾರೋ ಗುಮಾಸ್ತ ಹಟಕ್ಕೆ ಬಿದ್ದು ಕಂಡುಹಿಡಿದ ಲೆಕ್ಕದಂತೆ ಇದು ತೋರುತ್ತದೆ. ಒಡೆದು ನೋಡಿದರೆ ಬಹಳ ಸರಳ. ಏಳು ಹಾಲಿಗೆ ಆರು ಕಲ್ದಾರ, ಅಷ್ಟೇ. ಅಕ್ಷರ ಬಾರದ ಗೌಡತಿಯೂ ಬೆರಳ ಮೇಲೆ ಎಣಿಸಬಹುದಾದ ಲೆಕ್ಕ.

ಏಳಕ್ಕೆ ಆರೇ ಯಾಕೆ? ಇದರ ಉತ್ತರ ಬೆಳ್ಳಿಯಲ್ಲಿದೆ. ಕಲ್ದಾರದ ತೂಕ 11.66 ಗ್ರಾಮು, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಮು. ಹೈದರಾಬಾದಿನ ಚಾರಮಿನಾರು ರೂಪಾಯಿಯ ತೂಕ 11.18 ಗ್ರಾಮು, ಆದರೆ ಅದರಲ್ಲಿ ನೂರಕ್ಕೆ 81.8 ಪಾಲು ಮಾತ್ರ ಬೆಳ್ಳಿ, ಅಂದರೆ ಸುಮಾರು 9.14 ಗ್ರಾಮು. ಏಳು ಹಾಲಿಯಲ್ಲಿರುವ ಬೆಳ್ಳಿಯನ್ನು ಕೂಡಿಸಿ, ಆರು ಕಲ್ದಾರದಲ್ಲಿರುವ ಬೆಳ್ಳಿಯನ್ನೂ ಕೂಡಿಸಿ. ಎರಡೂ 64 ಗ್ರಾಮಿನ ಹತ್ತಿರ ಬಂದು ನಿಲ್ಲುತ್ತವೆ. ಕೈಯಲ್ಲಿ ಹಿಡಿದರೆ ತೂಕದಲ್ಲಿ ಹೆಚ್ಚಿನ ಅಂತರ ಗೊತ್ತಾಗದ ಎರಡು ನಾಣ್ಯಗಳ ನಡುವೆ ಏಳನೇ ಒಂದು ಪಾಲು ವ್ಯತ್ಯಾಸ ಬರುವುದು ಹೀಗೆ. ಅಂದರೆ ದರದಲ್ಲಿ ಮೋಸ ಇರಲಿಲ್ಲ, ಬೆಳ್ಳಿಗೆ ಬೆಳ್ಳಿ ಸರಿ ಇತ್ತು. ಹಾಗಾದರೆ ತಂಟೆ ಎಲ್ಲಿ?

ತಂಟೆ ಇದ್ದದ್ದು ಚಿಲ್ಲರೆಯಲ್ಲಿ. ಕೇಳುಗರು ಒಂದು ನಿಮಿಷ ಮನಸ್ಸಿಟ್ಟು ಕೇಳಬೇಕು, ನನ್ನ ಮಟ್ಟಿಗೆ ಈ ಇತಿಹಾಸದ ತಿರುಳೇ ಇಲ್ಲಿದೆ. ಒಂದು ಕಲ್ದಾರಕ್ಕೆ ಹಾಲಿ ಎಷ್ಟು? ಒಂದು ರೂಪಾಯಿ ಎರಡಾಣೆ ಎಂಟು ಪೈ. ಪೈಗೆ ಪೈ ಸರಿ, ಏನೂ ಉಳಿಯುವುದಿಲ್ಲ. ಈಗ ತಿರುವಿ ಹಾಕಿ. ಒಂದು ಹಾಲಿಗೆ ಕಲ್ದಾರ ಎಷ್ಟು? ಹದಿಮೂರಾಣೆ ಎಂಟು ಪೈ, ಮೇಲೆ ಅರ್ಧ ಪೈಗೂ ಕೊಂಚ ಹೆಚ್ಚು. ಈ ಅರ್ಧ ಪೈಯ ನಾಣ್ಯ ಯಾವ ಸರಕಾರವೂ ಹೊಡೆದಿರಲಿಲ್ಲ. ಇಂಗ್ಲಿಷರ ತಾಮ್ರದ ಪೈಸೆಗೆ ಮೂರು ಪೈ, ಆಣೆಗೆ ನಾಲ್ಕು ಪೈಸೆ. ಹೈದರಾಬಾದಿನಲ್ಲಿ ಎರಡು ಪೈಯ ತಾಮ್ರದ ನಾಣ್ಯ, ಆಣೆಗೆ ಅಂಥವು ಆರು. ಒಂದರ ಚಿಲ್ಲರೆ ಇನ್ನೊಂದರ ಚಿಲ್ಲರೆಗೆ ಎಂದೂ ಹೊಂದುತ್ತಿರಲಿಲ್ಲ.

ಒಬ್ಬ ತಾಯಿ ಆಳಂದದ ಕಡೆಯಿಂದ ಅಕ್ಕಲಕೋಟೆಗೆ ಬಂದಿದ್ದಾಳೆ ಎಂದು ಇಟ್ಟುಕೊಳ್ಳಿ. ಕೈಯಲ್ಲಿ ಒಂದು ಹಾಲಿ ರೂಪಾಯಿ ಇದೆ. ಅಂಗಡಿಯವನು ಎಂಟೂವರೆ ಪೈಯ ಜಂಜಾಟ ಬೇಡವೆಂದು ಹದಿಮೂರೂವರೆ ಆಣೆ ಎಣಿಸಿ ಕೊಡುತ್ತಾನೆ. ಅವಳು ಕಳೆದುಕೊಂಡದ್ದು ಎರಡೂವರೆ ಪೈ. ರೂಪಾಯಿಯ ಅರವತ್ನಾಲ್ಕನೇ ಒಂದು ಪಾಲು. ಹೋಗಲಿ ಬಿಡು ಎನ್ನಬಹುದು. ಈಗ ಅವಳ ಕೈಯಲ್ಲಿ ರೂಪಾಯಿ ಇಲ್ಲ, ಎರಡಾಣೆ ಹಾಲಿ ಮಾತ್ರ ಇದೆ ಎನ್ನಿ. ಅದರ ನ್ಯಾಯವಾದ ಬೆಲೆ ಒಂದಾಣೆ ಎಂಟೂವರೆ ಪೈ. ಅಂಗಡಿಯವನು ಅದೇ ರೀತಿ ಒಂದೂವರೆ ಆಣೆ ಕೊಡುತ್ತಾನೆ. ಕಳೆದದ್ದು ಅದೇ ಎರಡೂವರೆ ಪೈ. ಆದರೆ ಈ ಸಲ ಅದು ಅವಳ ರೊಕ್ಕದ ಎಂಟನೇ ಒಂದು ಪಾಲು. ಸಾವಿರ ರೂಪಾಯಿ ಬದಲಿಸುವ ಅಡತಿಯವನಿಗೆ ದರ ಎಂದರೆ ಏಳಕ್ಕೆ ಆರು. ಎರಡಾಣೆ ಬದಲಿಸುವವಳಿಗೆ ದರವೇ ಬೇರೆ. ಸರಕಾರಿ ಪುಸ್ತಕದಲ್ಲಿ ಈ ಎರಡನೆಯ ದರವನ್ನು ಯಾರೂ ಬರೆದಿಡಲಿಲ್ಲ.

ಇದು ಒಬ್ಬಿಬ್ಬರ ಮಾತಾಗಿದ್ದರೆ ಬಿಡಬಹುದಿತ್ತು. ರೈಲು 1860ರಲ್ಲಿ ಸೊಲ್ಲಾಪುರಕ್ಕೆ ಬಂತು. 1871ರ ಹೊತ್ತಿಗೆ ಹೋಟಗಿ, ಅಕ್ಕಲಕೋಟೆ ರೋಡ್, ದುಧನಿ, ಗುಲಬರ್ಗಾ ಹಾದು ರಾಯಚೂರು ಮುಟ್ಟಿತು. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು, ಮುಂದೆ ಜನ ಅದನ್ನು 'ಜುನಿ ಮಿಲ್' ಎಂದೇ ಕರೆದರು. ಮೊಗಲಾಯಿಯ ಹತ್ತಿ, ಎಣ್ಣೆಕಾಳು ಸೊಲ್ಲಾಪುರದ ಪೇಟೆಗೆ. ಸೊಲ್ಲಾಪುರದ ಬಟ್ಟೆ ಮೊಗಲಾಯಿಯ ಸಂತೆಗೆ. ಗಡಿಯಲ್ಲಿ ನಿಜಾಮರ ಸುಂಕದ ಕಟ್ಟೆ, ಅದಕ್ಕೆ ಕರೋಡಗಿರಿ ನಾಕೆ ಎಂದು ಹೆಸರು. ಮಾಲಿನ ಬೆಲೆಗೆ ನೂರಕ್ಕೆ ಐದರಂತೆ ಸುಂಕ. ಜನರ ಓಡಾಟಕ್ಕೆ ಬರಿಯ ವ್ಯಾಪಾರವೂ ಕಾರಣವಲ್ಲ. ಜನವರಿಯಲ್ಲಿ ಸಿದ್ಧರಾಮೇಶ್ವರನ ಗಡ್ಡೆಯ ಜಾತ್ರೆಗೆ ಆಚೆಯವರು ಈಚೆ ಬರುವರು. ಶರಣಬಸವೇಶ್ವರನ ತೇರಿಗೆ, ಬಂದೇನವಾಜರ ಉರುಸಿಗೆ ಈಚೆಯವರು ಗುಲಬರ್ಗೆಗೆ ಹೋಗುವರು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದ ಮೇಲೆ ಅಕ್ಕಲಕೋಟೆಗೂ ಗಾಣಗಾಪುರಕ್ಕೂ ಸೇರಿಸಿ ಯಾತ್ರೆ ಮಾಡುವವರು ಹೆಚ್ಚಿದರು. ಅಕ್ಕಲಕೋಟೆಯಲ್ಲಿ ಕಲ್ದಾರ, ಗಾಣಗಾಪುರದಲ್ಲಿ ಹಾಲಿ. ದತ್ತನ ಒಂದೇ ಯಾತ್ರೆಗೆ ಎರಡು ಚೀಲ ಬೇಕು.

ಸೊಲ್ಲಾಪುರದಲ್ಲಿ ಹತ್ತಿ ಮಾರಿ ಅರವತ್ತು ಕಲ್ದಾರ ಎಣಿಸಿಕೊಂಡ ಮೊಗಲಾಯಿಯ ರೈತನಿಗೆ ಪುಸ್ತಕದ ಪ್ರಕಾರ ಎಪ್ಪತ್ತು ಹಾಲಿ ಬರಬೇಕು. ಆದರೆ ಅವನು ಊರಿಗೆ ಮರಳುವ ಹೊತ್ತಿಗೆ ಕಂದಾಯದ ಕಿಸ್ತು ಬಾಗಿಲಿಗೆ ಬಂದಿರುತ್ತದೆ. ನಿಜಾಮರ ಕಚೇರಿ ಕಂದಾಯ ಕೇಳುವುದು ಹಾಲಿಯಲ್ಲಿ. ಊರಿನ ಎಲ್ಲರಿಗೂ ಒಂದೇ ವಾರದಲ್ಲಿ ಹಾಲಿ ಬೇಕು, ಎಲ್ಲರ ಕೈಯಲ್ಲೂ ಕಲ್ದಾರ. ಇಂಥ ಹೊತ್ತಿನಲ್ಲಿ ಸರಾಫ ಎಪ್ಪತ್ತು ಕೊಡುವನೇ? ಬೇಡಿಕೆ ಇದ್ದ ನಾಣ್ಯ ತುಟ್ಟಿಯಾಗುವುದು ಸಂತೆಯ ಧರ್ಮ. ಸರಕಾರದ ದರ ಒಂದು, ಪೇಟೆಯ ದರ ಒಂದು, ಕಿಸ್ತಿನ ವಾರದ ದರ ಮತ್ತೊಂದು.

ಏಳಕ್ಕೆ ಆರು ಎಂಬುದು ಯಾವಾಗಲೂ ಗಟ್ಟಿ ನಿಂತಿತ್ತು ಎಂದೂ ತಿಳಿಯಬಾರದು. 1893 ಎಂಬ ವರ್ಷ ಅದನ್ನು ಅಲುಗಾಡಿಸಿತು. ಅಲ್ಲಿಯ ತನಕ ಯಾರೇ ಆಗಲಿ ಬೆಳ್ಳಿ ಒಯ್ದು ಇಂಗ್ಲಿಷರ ಟಂಕಸಾಲೆಗೆ ಕೊಟ್ಟರೆ ಅದನ್ನು ರೂಪಾಯಿ ಮಾಡಿ ಕೊಡುತ್ತಿದ್ದರು. ರೂಪಾಯಿಯ ಬೆಲೆ ಎಂದರೆ ಅದರಲ್ಲಿಯ ಬೆಳ್ಳಿಯ ಬೆಲೆ. ಆದರೆ ಜರ್ಮನಿ 1870ರ ದಶಕದ ಮೊದಲಿಗೇ ಚಿನ್ನದ ನಾಣ್ಯಕ್ಕೆ ಹೊರಳಿತ್ತು, ಬೇರೆ ದೇಶಗಳೂ ಅದರ ಹಿಂದೆ ನಡೆದಿದ್ದವು. ಅಮೇರಿಕದ ಗಣಿಗಳಿಂದ ಬೆಳ್ಳಿ ಸುರಿಯುತ್ತಿತ್ತು. ಸುಮಾರು ಎರಡು ಶಿಲಿಂಗ್ ಬೆಲೆ ಬಾಳುತ್ತಿದ್ದ ರೂಪಾಯಿ 1892ರ ಹೊತ್ತಿಗೆ ಒಂದು ಶಿಲಿಂಗ್ ಮೂರು ಪೆನ್ಸ್ ಆಸುಪಾಸಿಗೆ ಬಂತು. ಲಂಡನ್ನಿಗೆ ಪ್ರತಿ ವರ್ಷ ಚಿನ್ನದ ಲೆಕ್ಕದಲ್ಲಿ ಹಣ ಕಟ್ಟಬೇಕಾದ ಇಂಡಿಯಾ ಸರಕಾರಕ್ಕೆ ಇದು ನುಂಗಲಾರದ ತುತ್ತು. 1893ರ ಜೂನ್ 26ರಂದು ಟಂಕಸಾಲೆಯ ಬಾಗಿಲನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿಬಿಟ್ಟರು. ಮುಂದೆ ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸ್ ಎಂದು ಗೊತ್ತುಮಾಡಿದರು. ಅಂದಿನಿಂದ ಕಲ್ದಾರದ ಬೆಲೆ ಅದರೊಳಗಿನ ಬೆಳ್ಳಿಗಿಂತ ಹೆಚ್ಚು.

ಹಾಲಿಯ ಪಾಡು ಬೇರೆ. ಅದು ಇನ್ನೂ ಬೆಳ್ಳಿಗೇ ಕಟ್ಟಿಹಾಕಿದ ಕರು. ಬೆಳ್ಳಿ ಇಳಿದಂತೆ ಹಾಲಿಯೂ ಇಳಿಯಿತು, ಕಲ್ದಾರ ಮಾತ್ರ ಮೇಲೆ ನಿಂತಿತು. ಲಂಡನ್ನಿನಲ್ಲಿ, ಕಲಕತ್ತೆಯಲ್ಲಿ ಮಾಡಿದ ಒಂದು ಗೊತ್ತುವಳಿಗೆ ಆಳಂದದ ಸಂತೆಯಲ್ಲಿ ಎಮ್ಮೆ ಕೊಳ್ಳುವವನ ಲೆಕ್ಕ ತಪ್ಪಿತು. ಇದೇ ಕಾಲಕ್ಕೆ 1896ರ, ಮತ್ತೆ 1899ರ ಬರಗಾಲ. ಕಾಳಿನ ದರವೂ ನಿಲ್ಲದು, ನಾಣ್ಯದ ದರವೂ ನಿಲ್ಲದು. ಈ ಏರುಪೇರನ್ನು ತಡೆಯಲು ಹೈದರಾಬಾದ್ ಸರಕಾರ 1903ರಲ್ಲಿ ಸೈಫಾಬಾದಿನಲ್ಲಿ ಯಂತ್ರಗಳ ಹೊಸ ಟಂಕಸಾಲೆ ಕಟ್ಟಿ ಚಾರಮಿನಾರಿನ ಚಿತ್ರವಿದ್ದ ಚೊಕ್ಕ ರೂಪಾಯಿ ಹೊರಡಿಸಿತು. ಆಗ ನಿಜಾಮರಾಗಿದ್ದ ಮೀರ್ ಮಹಬೂಬ್ ಅಲಿ ಖಾನರ ಹೆಸರಿನಿಂದ ಅದಕ್ಕೆ ಮಹಬೂಬಿಯಾ ಎಂದರು. ಎಷ್ಟು ನಾಣ್ಯ ಹೊಡೆಯಬೇಕೆಂಬುದನ್ನು ಸರಕಾರ ತನ್ನ ಹಿಡಿತದಲ್ಲಿಟ್ಟುಕೊಂಡಿತು. ಏಳಕ್ಕೆ ಆರು ಎಂಬ ದರ ಆಮೇಲೆ ಸರಕಾರದ ಲೆಕ್ಕದಲ್ಲಿ ಭದ್ರವಾಯಿತು. ಆ ಹಳೆಯ ಟಂಕಸಾಲೆಯಲ್ಲಿ 2022ರಲ್ಲಿ ನಾಣ್ಯಗಳ ಸಂಗ್ರಹಾಲಯ ತೆರೆಯಿತು. ಹೈದರಾಬಾದಿಗೆ ಹೋದವರು ಚಾರಮಿನಾರು ನೋಡಿ ಬಳೆ ಕೊಂಡು ತಿರುಗಿ ಬರುತ್ತಾರೆ, ಇದನ್ನೂ ನೋಡಿ ಬರಬೇಕು.

ಮೊದಲನೆಯ ಮಹಾಯುದ್ಧದ ಕೊನೆಗೆ ಬೆಳ್ಳಿ ಒಮ್ಮೆಲೇ ತುಟ್ಟಿಯಾಯಿತು. ಇಂಗ್ಲಿಷ್ ಸರಕಾರ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ತಂದಿತು, ಹೈದರಾಬಾದ್ 1918ರಲ್ಲಿ ತನ್ನದೇ ನೋಟಿನ ಕಾಯಿದೆ ಮಾಡಿತು. ಹೈದರಾಬಾದಿನ ನೋಟುಗಳನ್ನು ಲಂಡನ್ನಿನಲ್ಲಿ ಅಚ್ಚು ಮಾಡಿಸಿ ತರಿಸುತ್ತಿದ್ದರು. ಆ ನೋಟಿನ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡ ಅಕ್ಷರಗಳಿದ್ದವು. ಇಂಗ್ಲಿಷ್ ಸರಕಾರದ ಹತ್ತು ರೂಪಾಯಿ ನೋಟಿನ ಮೇಲೂ ಎಂಟು ಭಾಷೆಗಳ ಸಾಲಿನಲ್ಲಿ ಕನ್ನಡ ಇತ್ತು. ಎರಡೂ ನೋಟುಗಳಿಗೆ ಕನ್ನಡ ಬರುತ್ತಿತ್ತು, ಆದರೂ ಒಂದನ್ನೊಂದು ಮಾತಾಡಿಸಬೇಕಾದರೆ ನಡುವೆ ಸರಾಫ ಬೇಕಾಗಿತ್ತು.

ದರ ಏರಿಳಿದರೆ ಗಳಿಸುವವರು ಯಾರು, ಕಳೆದುಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಅದೇ ಕಾಲದಲ್ಲಿ ಗಟ್ಟಿಯಾಗಿ ಕೇಳಿದವರು ನಮ್ಮ ವಳಸಂಗಕ್ಕೂ ಬಂದುಹೋದವರೇ. 1937ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಇಲ್ಲಿಗೆ ಬಂದಿದ್ದರು. ದಲಿತ ಬಂಧುಗಳ ಬಾವಿಯ ಜೊತೆಗೆ ಆ ಭೇಟಿಯನ್ನು ಊರು ಇಂದಿಗೂ ನೆನೆಯುತ್ತದೆ. ಬಾವಿಯ ಕಥೆ ಗೊತ್ತಿದ್ದ ಬಹಳ ಮಂದಿಗೆ ಅಂಬೇಡ್ಕರರು ನಾಣ್ಯಶಾಸ್ತ್ರದ ದೊಡ್ಡ ಪಂಡಿತರೂ ಹೌದು ಎಂಬುದು ಗೊತ್ತಿಲ್ಲ. ಲಂಡನ್ ವಿಶ್ವವಿದ್ಯಾಲಯದಲ್ಲಿ ಅವರು ಡಾಕ್ಟರೇಟ್ ಪದವಿಗೆ ಬರೆದದ್ದು ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧ. 1923ರಲ್ಲಿ ಅದು ಪುಸ್ತಕವಾಗಿ ಬಂತು. ಅದಕ್ಕೆ ಮುನ್ನುಡಿ ಬರೆದ ಪ್ರೊಫೆಸರ್ ಕ್ಯಾನನ್ ಅವರೇ ಶಿಷ್ಯನ ಕೆಲವು ಮಾತು ತಮಗೆ ಒಪ್ಪಿಗೆಯಿಲ್ಲ ಎಂದು ಹೇಳಿಕೊಂಡರು.

ರೂಪಾಯಿಯ ಬೆಲೆ ಪೌಂಡಿನ ಎದುರು ಇಳಿದರೆ ದೇಶಕ್ಕೆ ಲಾಭ, ಮಾಲು ಹೊರಗೆ ಹೆಚ್ಚು ಹೋಗುತ್ತದೆ ಎಂದು ಆಗ ಅನೇಕರು ವಾದಿಸುತ್ತಿದ್ದರು. ಅಂಬೇಡ್ಕರರು ಈ ಲಾಭ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಬೆಲೆ ಏರುತ್ತದೆ, ಕೂಲಿ ಅದೇ ವೇಗದಲ್ಲಿ ಏರುವುದಿಲ್ಲ. ಆದ್ದರಿಂದ ಆ ಲಾಭ ಪರದೇಶದವರ ಜೇಬಿನಿಂದ ಬಂದದ್ದಲ್ಲ, ನಮ್ಮದೇ ಕೂಲಿಯವರ ಜೇಬಿನಿಂದ ವ್ಯಾಪಾರಿಯ ಜೇಬಿಗೆ ಹೋದದ್ದು ಎಂಬುದು ಅವರ ವಾದದ ಸಾರ. ಮುಂದೆ ಹಿಲ್ಟನ್ ಯಂಗ್ ಆಯೋಗದ ಎದುರೂ ಅವರು ಸಾಕ್ಷ್ಯ ನುಡಿದರು. ಆಗ ಮುಂಬಯಿಯ ಗಿರಣಿ ಮಾಲಿಕರು ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸೇ ಇರಲಿ ಎಂದು ಹಟ ಹಿಡಿದಿದ್ದರು. 1927ರಲ್ಲಿ ಸರಕಾರ ಒಂದು ಶಿಲಿಂಗ್ ಆರು ಪೆನ್ಸ್ ಎಂದು ಕಾಯಿದೆ ಮಾಡಿತು.

ಇದರ ಬಿಸಿ ಮೊಗಲಾಯಿಗೂ ತಟ್ಟಲೇಬೇಕು. ಒಂದು ಶಿಲಿಂಗ್ ಆರು ಪೆನ್ಸಿನ ಲೆಕ್ಕದಲ್ಲಿ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ಕಲ್ದಾರ. ಏಳಕ್ಕೆ ಆರರಂತೆ ನೋಡಿದರೆ ಅದೇ ಪೌಂಡಿಗೆ ಹಾಲಿ ಸುಮಾರು 15 ರೂಪಾಯಿ 9 ಆಣೆ. ಹೈದರಾಬಾದ್ ತನ್ನ ನಾಣ್ಯ ತನ್ನದೇ ಎಂದು ಎಷ್ಟು ಹೆಮ್ಮೆಪಟ್ಟರೂ ಕಲ್ದಾರದ ಬಾಲ ಹಿಡಿದೇ ಅದು ನಡೆಯಬೇಕಿತ್ತು, ಕಲ್ದಾರ ಪೌಂಡಿನ ಬಾಲ ಹಿಡಿದು ನಡೆಯಿತು. ನಿಜಾಮರ ನಾಣ್ಯದ ಸ್ವಾತಂತ್ರ್ಯ ಎಂಬುದು ಅಷ್ಟರಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ. 1942ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕೆಲಸ ಆರಂಭಿಸಿ ಈ ನಾಣ್ಯದ ವ್ಯವಹಾರ ನೋಡಿಕೊಂಡಿತು.

ನಾಣ್ಯ ರಾಜಕೀಯದ ಆಯುಧವಾದದ್ದು 1947ರಲ್ಲಿ. ದೇಶ ಸ್ವತಂತ್ರವಾಯಿತು, ನಿಜಾಮರು ಬೇರೆಯೇ ಇರುತ್ತೇವೆ ಎಂದರು. ನವೆಂಬರ್ 29ರಂದು ಭಾರತ ಸರಕಾರಕ್ಕೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮುಂಚೆಯೇ ಹೈದರಾಬಾದ್ ಸರಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದು, ಚಿನ್ನ ಬೆಳ್ಳಿ ಭಾರತಕ್ಕೆ ಒಯ್ಯಲು ತಡೆ. ಇನ್ನೊಂದು, ಭಾರತದ ನಾಣ್ಯ ಹೈದರಾಬಾದಿನಲ್ಲಿ ಕಾನೂನಿನ ಪ್ರಕಾರ ಚಲಾವಣೆಯ ನಾಣ್ಯವಲ್ಲ. ಜೊತೆಗೆ ಪಾಕಿಸ್ತಾನಕ್ಕೆ ಇಪ್ಪತ್ತು ಕೋಟಿ ರೂಪಾಯಿ ಸಾಲ ಕೊಟ್ಟ ಸುದ್ದಿ. ಇದು ದಿಲ್ಲಿಯ ಪತ್ರವ್ಯವಹಾರದಲ್ಲಿ ಒಪ್ಪಂದದ ಉಲ್ಲಂಘನೆ ಎಂಬ ದೊಡ್ಡ ಮಾತಾಯಿತು. ಗಡಿಯ ಸಂತೆಯಲ್ಲಿ ಅದರ ಅರ್ಥ ಬೇರೆ: ನಿನ್ನೆಯ ತನಕ ಬಟ್ಟಾ ಮುರಿದಾದರೂ ತೆಗೆದುಕೊಳ್ಳುತ್ತಿದ್ದ ರೂಪಾಯಿಯನ್ನು ಇವತ್ತು ಮುಟ್ಟಲು ಹೆದರಿಕೆ.

ಆಮೇಲಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಗುಲಬರ್ಗಾ, ಉಸ್ಮಾನಾಬಾದ್ ಜಿಲ್ಲೆಗಳಿಂದ ಸೊಲ್ಲಾಪುರ ಸೀಮೆಗೆ ಮಂದಿ ತಂಡತಂಡವಾಗಿ ಬಂದರು. ಮನೆ ಬಿಟ್ಟು, ದನ ಬಿಟ್ಟು, ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದವರ ಆ ಗಂಟಿನಲ್ಲಿದ್ದ ನಾಣ್ಯ ಯಾವುದು ಎಂದು ಹೇಳಬೇಕಾಗಿಲ್ಲ. ಏಳಕ್ಕೆ ಆರು ಎಂಬ ಮಾತು ಅಂಥ ಹೊತ್ತಿನಲ್ಲಿ ಯಾರ ಬಾಯಲ್ಲಿ ನಿಂತೀತು? ಎರಡಾಣೆಯ ತಾಯಿಯ ಲೆಕ್ಕ ಇಲ್ಲಿ ಇಡೀ ಊರಿನ ಲೆಕ್ಕವಾಯಿತು.

1948ರ ಮಾರ್ಚಿನಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಚೌಧುರಿ ಅವರ ಸೇನೆ ಸೊಲ್ಲಾಪುರದಿಂದಲೇ ಹೊರಟು ಮೊದಲ ದಿನವೇ ನಳದುರ್ಗ ಹಿಡಿಯಿತು. 17ಕ್ಕೆ ನಿಜಾಮರು ಶರಣಾದರು. ಐದು ದಿನದಲ್ಲಿ ರಾಜ್ಯ ಹೋಯಿತು. ಆದರೆ ನಾಣ್ಯ ಐದು ದಿನದಲ್ಲಿ ಹೋಗಲಿಲ್ಲ, ನೋಡಿ. ಜನರ ಪೆಟ್ಟಿಗೆಯಲ್ಲಿ, ಸಾಲದ ಕಾಗದದಲ್ಲಿ, ನೌಕರರ ಸಂಬಳದಲ್ಲಿ ಇದ್ದ ನಾಣ್ಯವನ್ನು ಸೇನೆ ಕಳಿಸಿ ಹಿಡಿಯಲಾಗುವುದಿಲ್ಲ. 1950ರಲ್ಲಿ ಹೈದರಾಬಾದಿಗೆ ಭಾರತದ ರೂಪಾಯಿ ಅಧಿಕೃತವಾಗಿ ಬಂತು. ಹಾಲಿಯೂ ಅದರ ಪಕ್ಕದಲ್ಲೇ ನಡೆಯುತ್ತ 1959ರಲ್ಲಿ ಪೂರ್ತಿಯಾಗಿ ನಿಂತಿತು. ಈ ನಡುವೆ 1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯಕ್ಕೂ, ಉಸ್ಮಾನಾಬಾದ್ ಮುಂಬಯಿ ರಾಜ್ಯಕ್ಕೂ ಸೇರಿದವು. 1957ರ ಏಪ್ರಿಲ್ 1ರಂದು ಆಣೆ ಪೈಗಳೇ ಹೋಗಿ ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಗುಲಬರ್ಗಾದ ಒಬ್ಬ ಕಿರಾಣಿ ಅಂಗಡಿಯವನನ್ನು ನೆನೆಸಿಕೊಳ್ಳಿ. ಏಳು ವರ್ಷದೊಳಗೆ ಹಾಲಿ ಆಣೆ, ಕಲ್ದಾರ ಆಣೆ, ನಯಾ ಪೈಸೆ ಎಂದು ಮೂರು ಲೆಕ್ಕ ಅವನು ಕಲಿಯಬೇಕಾಯಿತು. ಆಣೆಗೆ ಆರೂ ಕಾಲು ನಯಾ ಪೈಸೆ. ಆ ಕಾಲು ಪೈಸೆ ಯಾರ ಪಾಲಿಗೆ ಹೋಯಿತು ಎಂಬುದನ್ನು ನಮ್ಮ ಎರಡಾಣೆಯ ತಾಯಿಯನ್ನೇ ಕೇಳಬೇಕು.

ಕೊನೆಗೆ ಒಂದು ಉಪಯೋಗದ ಮಾತು. ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ಖರೀದಿ ಪತ್ರ, ಗಹಾಣ ಪತ್ರಗಳು ಇವೆ. ಕೆಲವು ಮೋಡಿಯಲ್ಲಿ, ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ. ಹೊಲ ಎಷ್ಟಕ್ಕೆ ಕೊಂಡದ್ದು ಎಂದು ಓದುವ ಮುಂಚೆ ಸಂಖ್ಯೆಯ ಪಕ್ಕದ ಶಬ್ದ ನೋಡಬೇಕು. 'ಸಿಕ್ಕಾ ಹಾಲಿ' ಅಥವಾ 'ಸಿಕ್ಕಾ ಉಸ್ಮಾನಿಯಾ' ಎಂದಿದ್ದರೆ ಆರರಿಂದ ಗುಣಿಸಿ ಏಳರಿಂದ ಭಾಗಿಸಿ. 175 ಹಾಲಿ ಎಂದರೆ 150 ಕಲ್ದಾರ. ವರ್ಷವೂ ಮೋಸ ಮಾಡುತ್ತದೆ. ನಿಜಾಮರ ಕಚೇರಿಯ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಅಕ್ಟೋಬರಿನಲ್ಲಿ ಆ ವರ್ಷ ಆರಂಭವಾಗುತ್ತಿದ್ದುದರಿಂದ ಜನವರಿಯ ನಂತರದ ತಾರೀಖಿಗೆ 591 ಕೂಡಿಸಬೇಕು. 1342 ಫಸಲಿ ಎಂದರೆ 1932-33.

ಅಜ್ಜಿಯ ಪೆಟ್ಟಿಗೆಯಲ್ಲಿ ಬೆಳ್ಳಿಯ ರೂಪಾಯಿ ಸಿಕ್ಕರೆ ರಾಜನ ಮುಖ ಇದ್ದದ್ದು ಕಲ್ದಾರ, ಚಾರಮಿನಾರು ಇದ್ದದ್ದು ಹಾಲಿ. ಚಾರಮಿನಾರಿನ ನಡುಬಾಗಿಲಲ್ಲಿ ಸಣ್ಣದೊಂದು ಉರ್ದು ಅಕ್ಷರ ಇದೆ. ಅದು 'ಮೀಮ್' ಆಗಿದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, 1911ರ ವರೆಗಿನದು. 'ಐನ್' ಆಗಿದ್ದರೆ ಕೊನೆಯ ನಿಜಾಮರಾದ ಉಸ್ಮಾನ್ ಅಲಿ ಖಾನರದ್ದು. ಉರ್ದು ಬರುವ ನೆರೆಯವರಿಗೆ ತೋರಿಸಿದರೆ ಓದಿ ಹೇಳುತ್ತಾರೆ.